ಅಕ್ಕೋಳದಲ್ಲಿ ಯಾರಿಗೂ ಏನೂ ಇಲ್ಲ

ಆ ದಿನದ ಫಜೀತಿಗೆಲ್ಲ ಮೂಲ ಒಂದು ಇಸ್ತ್ರಿ ಮಾಡಿದ ಅಂಗಿ. ಅಕ್ಕನ ಮದುವೆಗೆಂದು ಹೊಲಿಸಿದ್ದ ಅಂಗಿ ಅದು. ಬೆಣ್ಣೆಯ ಬಣ್ಣ, ಹೊಳೆಯುವ ಗುಂಡಿ, ಮಡಿಕೆ ಮುಟ್ಟಿದರೆ ಬೆರಳು ಕೊಯ್ಯುವಷ್ಟು ಗರಿಗರಿ. ಅಭಿನಂದನ ಶೋಕಿಗೆ ಅದನ್ನು ಹಾಕಿಕೊಂಡವನಲ್ಲ. "ಸರ್ವೇಕ್ಕ ಹೋಗೂಮುಂದ ಚಂದಂಗ ಹೋಗಬೇಕು. ಹೆಂಗರ ಹೋದ್ರ ಮಂದಿ ಖರೇ ಹೇಳಂಗಿಲ್ಲ" ಎಂದು ಕಾಲೇಜಿನ ಶುಭಾಂಗಿ ಮೇಡಂ ತಾಕೀತು ಮಾಡಿದ್ದರು. ಅವನ ಹತ್ತಿರ ಚಂದ ಎನ್ನುವ ಹಾಗಿದ್ದದ್ದು ಅದೊಂದೇ.

ಅಭಿನಂದನ ಐನಾಪುರದವನು. ಚಿಕ್ಕೋಡಿಯ ಒಂದು ಆಯುರ್ವೇದ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದ. ಕೊನೆಯ ವರ್ಷದವರೆಲ್ಲ ಒಂದು ಸಂಶೋಧನೆ ಮಾಡಿ ಒಪ್ಪಿಸಬೇಕು. ಇವನ ಪಾಲಿಗೆ ಬಂದದ್ದು ಕಾಲೇಜಿನವರ ಆರೋಗ್ಯ ಮತ್ತು ಹಳ್ಳಿಯವರ ಆರೋಗ್ಯವನ್ನು ಹೋಲಿಸಿ ನೋಡುವ ಕೆಲಸ. ಬಿ.ಪಿ. ಎಷ್ಟು ಜನಕ್ಕೆ, ಸಕ್ಕರೆ ಕಾಯಿಲೆ ಎಷ್ಟು ಜನಕ್ಕೆ, ತಂಬಾಕು ಯಾರು ಯಾರು. ಕಾಲೇಜಿನ ಅರ್ಧ ಸುಲಭವಾಗಿ ಮುಗಿದಿತ್ತು. ಹಾಸ್ಟೆಲಿನಲ್ಲಿ ಜಡ್ಡಿಗೆ ಬರವಿರಲಿಲ್ಲ, ಪಾಠ ತಪ್ಪಿಸಲು ದಾರಿ ಸಿಗುತ್ತದೆ ಎಂದು ಹುಡುಗರು ಇಲ್ಲದ್ದನ್ನೂ ಸೇರಿಸಿ ಹೇಳಿದ್ದರು. ಹಳ್ಳಿಯ ಅರ್ಧವನ್ನು ಮಾತ್ರ ನಾಳೆ ನಾಳೆ ಎನ್ನುತ್ತ ಕೊನೆಯ ದಿನದವರೆಗೆ ಎಳೆದುಕೊಂಡು ಬಂದಿದ್ದ. ಇವತ್ತು ಸಂಜೆಯೊಳಗೆ ಕಳಿಸದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ಪರೀಕ್ಷೆಗೆ ಕೂಡದಿದ್ದರೆ ಊರಿನಲ್ಲಿ ಅಪ್ಪ ಕಬ್ಬಿಗೆ ನೀರು ಹಾಯಿಸಲು ಹಚ್ಚುವುದು ಖಚಿತ.

ಹಾಗಾಗಿ ಬಿ.ಪಿ. ಮಶೀನು, ಸಕ್ಕರೆ ನೋಡುವ ಮಶೀನು ಎರಡನ್ನೂ ಚೀಲದಲ್ಲಿಟ್ಟುಕೊಂಡು, 'ಹೌದು' 'ಇಲ್ಲ' ಒತ್ತಿ ತುಂಬುವ ಫಾರ್ಮನ್ನು ಮೊಬೈಲಿಗೆ ಇಳಿಸಿಕೊಂಡು ಬೆಳಿಗ್ಗೆಯೇ ಅಕ್ಕೋಳದಲ್ಲಿ ಬಸ್ಸಿಳಿದ.

ಮೊದಲು ಹೊಕ್ಕದ್ದು ಶ್ರೀಪಾಲ ಕಾಕಾನ ಮನೆ. ಶ್ರೀಪಾಲ ಸ್ಥಿತಿವಂತ ರೈತ, ಮಾತಿನ ಮನುಷ್ಯ. ಅಂಗಳದಲ್ಲಿ ನಿಂತ ಅಭಿನಂದನ ಕೈಮುಗಿದು, ಮೇಡಂ ಕಲಿಸಿದ ಹಾಗೆ ಶುರು ಮಾಡಿದ. "ಮನ್ಯಾಗ ಮಂದಿ ಎಷ್ಟ ಅದೀರ್ರಿ? ಯಾರ್ಯಾರಿಗೆ ಎಷ್ಟ ವಯಸ್ಸು? ಬಿ.ಪಿ., ಸಕ್ಕರಿ, ಮನೆತನದಾಗ ಏನರ ಜಡ್ಡು ಐತೇನ್ರಿ?"

ಈ ಸೀಮೆಯಲ್ಲಿ ಗಂಡಿನ ಕಡೆಯವರು ಕನ್ಯೆ ನೋಡಲು ಬಂದಾಗ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಈ ಸಂಗತಿ ಅಭಿನಂದನನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಶ್ರೀಪಾಲ ಅಂಗಿಯನ್ನು ನೋಡಿದ, ಗುಂಡಿಗಳನ್ನು ನೋಡಿದ, ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದ.

"ಬರ್ರಿ, ಒಳಗ ಬರ್ರಿ. ಬಿಸಲಾಗ ಯಾಕ ನಿಂತೀರಿ. ಯಾವೂರಾತು ನಿಮ್ದು?"

"ಐನಾಪುರ್ರಿ."

"ಛಲೋ ಊರು. ಡಾಕ್ಟರೇನು?"

"ಇದ ಕೊನೀ ವರ್ಷರಿ ಕಾಕಾ."

ಮರುಗಳಿಗೆಯಲ್ಲಿ ಕುರ್ಚಿಗೆ ದಿಂಬು ಬಂತು, ಫ್ಯಾನು ತಿರುಗಿತು, ಒಳಗೆ ಒಗ್ಗರಣೆ ಚಟಪಟ ಎಂದಿತು. ಹಳ್ಳಿಯವರ ಆದರ ಎಂದರೆ ಇದು ಎಂದುಕೊಂಡು ಅಭಿನಂದನ ಖುಷಿಯಿಂದ ಕೂತ.

ಮೊದಲು ಶ್ರೀಪಾಲನ ತೋಳಿಗೆ ಪಟ್ಟಿ ಸುತ್ತಿದ. ಮಶೀನು ತೋರಿಸಿದ್ದನ್ನು ಕಂಡು ಅವನೇ ಗಾಬರಿಯಾದ. "ಕಾಕಾ, ಬಿ.ಪಿ. ಭಾಳ ಐತ್ರಿ."

"ನಂಗ? ಮಶೀನ ಕೆಟ್ಟಿರಬೇಕು ತಗೋರಿ," ಎಂದ ಶ್ರೀಪಾಲ ಎದ್ದು ಹೋಗಿ, ಪಡಸಾಲೆಯ ಮೂಲೆಯಲ್ಲಿದ್ದ ಗೊಬ್ಬರದ ಚೀಲವನ್ನು ಹೆಗಲಿಗೇರಿಸಿಕೊಂಡು ಒಂದು ಸುತ್ತು ತಿರುಗಿದ. ಮುಖ ಕೆಂಪಡರಿ ಮೈಯೆಲ್ಲ ಬೆವರಿತು. "ಜಡ್ಡಿನ ಮನಷ್ಯಾ ಇದನ್ನ ಎತ್ತತಾನೇನು? ಏನೂ ಇಲ್ಲ ಅಂತ ಹಾಕ್ರಿ."

ಮೂಲೆಯಲ್ಲಿ ಅವನ ತಾಯಿ ಲಕ್ಷ್ಮಿಬಾಯಿ ಬಾಯೊಳಗೆ ಬೆರಳಿಟ್ಟುಕೊಂಡು ಕೂತಿದ್ದಳು. ಹುರಿದ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕಿಕೊಳ್ಳುವುದು ಆಕೆಯ ಬೆಳಗಿನ ಕಾಯಕ. ಅಭಿನಂದನ ತನ್ನ ಕಡೆ ತಿರುಗಿದ್ದೇ ಬೆರಳು ತೆಗೆದು, ಬಾಯಲ್ಲಿದ್ದುದನ್ನು ಗುಳುಕ್ಕನೆ ನುಂಗಿದಳು.

"ಅಜ್ಜಿ, ತಂಬಾಕ ಏನರ ತಗೋತೀರೇನ್ರಿ?"

"ತಂಬಾಕಾ?" ಲಕ್ಷ್ಮಿಬಾಯಿಯ ಕಣ್ಣಲ್ಲಿ ನೀರಾಡುತ್ತಿತ್ತು. "ಹಂಗಂದ್ರ ಏನಪಾ?"

ನಿಪ್ಪಾಣಿ ಸೀಮೆಯ ತಂಬಾಕಿನ ಹೊಲಗಳ ನಡುವೆ ಹುಟ್ಟಿ, ಅಲ್ಲೇ ಮುದುಕಿಯಾದವಳು ಕೇಳಿದ ಪ್ರಶ್ನೆ ಇದು. ಅಭಿನಂದನ ಮೊಬೈಲಿನಲ್ಲಿ 'ಇಲ್ಲ' ಎಂಬುದನ್ನು ಒತ್ತಿದ.

ಅಷ್ಟರಲ್ಲಿ ಶ್ರೀಪಾಲನ ಮಗಳು ಕಾಜಲ ತಲೆಯ ಮೇಲೆ ಸೆರಗು ಹೊದ್ದು ಅವಲಕ್ಕಿ, ಚಹಾ ತಂದಿಟ್ಟು ಎದುರಿಗೆ ಕೂತಳು. ಬಿ.ಕಾಂ. ಮುಗಿಸಿದ ಹುಡುಗಿ. ತಂದೆ ಹೇಳಿದ ಹಾಗೆ ನೆಲ ನೋಡುತ್ತ ಕೂತಿದ್ದರೂ ನಗು ತಡೆಯಲು ಪಡುತ್ತಿದ್ದ ಪಾಡು ಕಾಣುತ್ತಿತ್ತು. "ಅಕೀಗೂ ಏನರ ಕೇಳೂದಿದ್ರ ಕೇಳ್ರಿ, ಸಂಕೋಚ ಬ್ಯಾಡ" ಎಂದ ಶ್ರೀಪಾಲ. ಅಭಿನಂದನ ಸಂಕೋಚವಿಲ್ಲದೆ, "ಮಲವಿಸರ್ಜನೆ ಸರಿಯಾಗಿ ಆಗತೈತ್ರೀ?" ಎಂದು ಕೇಳಿದ. ಕಾಜಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಾಚಿಕೆ ಎಂದು ಎಲ್ಲರೂ ಮೆಚ್ಚಿದರು.

ಡಾಕ್ಟರ ಹುಡುಗನೊಬ್ಬ ತಾನೇ ಕನ್ಯೆ ನೋಡುತ್ತ ಮನೆಮನೆಗೆ ಬರುತ್ತಿದ್ದಾನೆ ಎಂಬ ಸುದ್ದಿ ಅವನಿಗಿಂತ ಮುಂದೆ ನಡೆಯಿತು. ಮುಂದಿನ ಮನೆಯಲ್ಲೂ ದಿಂಬು, ಅವಲಕ್ಕಿ, ಚಹಾ. ಅಲ್ಲೂ ಯಾರಿಗೂ ಏನೂ ಇಲ್ಲ. ಅದರ ಮುಂದಿನ ಮನೆಯಲ್ಲಿ ಹಿತ್ತಲಿನ ಕೊಟ್ಟಿಗೆಯಿಂದ ಯಾರೋ ಎದೆ ಒಡೆಯುವ ಹಾಗೆ ಕೆಮ್ಮಿದ್ದು ಕೇಳಿಸಿತು.

"ಯಾರ್ರಿ ಅದು?"

"ಎಮ್ಮೀರಿ," ಎಂದಳು ಮನೆಯೊಡತಿ. "ಹವಾ ಬದಲಾಗೈತಿ ನೋಡ್ರಿ, ಕೆಮ್ಮಾಕತ್ತೈತಿ."

"ಚಾ ತಾ ಬೇ" ಎಂದು ಎಮ್ಮೆ ಒಳಗಿನಿಂದ ಕೂಗಿತು. ಮನೆಯೊಡತಿ ಫ್ಯಾನಿನ ವೇಗ ಹೆಚ್ಚಿಸಿದಳು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅಭಿನಂದನನ ಹೊಟ್ಟೆ ಬಿಗಿದ ಚೀಲವಾಗಿತ್ತು, ಮೊಬೈಲಿನಲ್ಲಿ ಮಾತ್ರ ಒಂದು 'ಹೌದು' ಕೂಡ ಇರಲಿಲ್ಲ. ಹೋಲಿಸಿ ನೋಡಲು ಒಂದಾದರೂ ಜಡ್ಡು ಬೇಕಲ್ಲ. ಹಳ್ಳಿಯೊಂದರಲ್ಲಿ ಒಬ್ಬನಿಗೂ ಒಂದು ನೆಗಡಿಯೂ ಇಲ್ಲ ಎಂದರೆ, ಹಾಸ್ಟೆಲಿನಲ್ಲಿ ಮಲಗಿಕೊಂಡೇ ತುಂಬಿಸಿದ್ದಾನೆ ಎಂದು ಮೇಡಂ ಮುಖದ ಮೇಲೆ ಬಿಸಾಡುತ್ತಾರೆ. ಹಾಲಿನ ಡೇರಿಯ ಕಟ್ಟೆಯ ಮೇಲೆ ಕುಸಿದು ಕೂತು ಬೆಲ್ಟು ಸಡಿಲಿಸಿದ. ನಿಜಕ್ಕೂ ಅಳು ಬರುವಂತಾಗಿತ್ತು.

ಕಟ್ಟೆಯ ಮೇಲೆ ಕುರಿ ಕಾಯುವ ಮನೆತನದ ಲಗಮವ್ವ ಕೂತಿದ್ದಳು. ಆಕೆಗೆ ಮದುವೆಗೆ ಬಂದ ಮಗಳಿರಲಿಲ್ಲ, ಹಾಗಾಗಿ ಸುಳ್ಳು ಹೇಳುವ ಕಾರಣವೂ ಇರಲಿಲ್ಲ.

"ಯಾವಕಿ ಪಸಂದ ಬಂದಳಪಾ?"

"ಏನ್ ಪಸಂದರಿ ಆಯಿ?"

"ಕನ್ಯಾ. ಮುಂಜಾನಿಂದ ಅವಲಕ್ಕಿ ತಿನಕೋತ ಅಡ್ಡಾಡಾಕತ್ತೀಯಲ್ಲ."

ಅಭಿನಂದನನಿಗೆ ದಿಂಬು, ಫ್ಯಾನು, ಗೊಬ್ಬರದ ಚೀಲ, ಎಮ್ಮೆ ಎಲ್ಲ ಒಟ್ಟಿಗೇ ಅರ್ಥವಾದವು. "ನಾ ಕನ್ಯಾ ನೋಡಾಕ ಬಂದಿಲ್ಲರಿ. ಜಡ್ಡ ನೋಡಾಕ ಬಂದೇನಿ."

"ಮದಿವಿ ಆಗೇತೇನು?"

"ಇಲ್ಲರಿ."

"ಮತ್ತ ನೀ ಏನ ನೋಡಾಕ ಬಂದ್ರೂ ಅವರ ಪಾಲಿಗೆ ಕನ್ಯಾ ನೋಡಾಕ ಬಂದಾವನ. ನಿನ್ನ ಮುಂದ ಜಡ್ಡ ಹೇಳಿ ಮಗಳ್ನ ಮನ್ಯಾಗ ಇಟ್ಕೊಂಡ ಕುಂದರತಾರೇನು?"

ಮಾತು ನ್ಯಾಯವಾಗಿತ್ತು. ಸಂಜೆಯೊಳಗೆ ಕಳಿಸಲೂ ಬೇಕಿತ್ತು. ಅಭಿನಂದನ ಸುಳ್ಳಿಗೆ ಧೈರ್ಯ ಮಾಡಿ, "ಆಯಿ, ನಂದು ಮದಿವಿ ಗೊತ್ತ ಆಗೈತ್ರಿ" ಎಂದ.

"ಹಂಗಂತ ಮೊದಲ ಹೇಳಬಾರದ? ಸುಮ್ಮನ ಊರಾನ ಅವಲಕ್ಕಿ ಖಾಲಿ ಮಾಡಿದಿ," ಎಂದ ಲಗಮವ್ವ ಊರಿಗೆಲ್ಲ ಸುದ್ದಿ ಮುಟ್ಟಿಸಲು ಎದ್ದು ಹೋದಳು.

ಆಮೇಲೆ ಆದದ್ದನ್ನು ನೋಡಿದರೆ ಕೆರೆಯ ತೂಬು ತೆಗೆದ ಹಾಗಿತ್ತು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದ ಊರು ಮಧ್ಯಾಹ್ನ ನರಳುತ್ತ ಡೇರಿ ಕಟ್ಟೆಗೆ ಬಂತು. ಮೊಣಕಾಲು, ನಡು, ಎದೆಯುರಿ, ತಲೆಸುತ್ತು. ಕೊಟ್ಟಿಗೆಯ ಎಮ್ಮೆ ಕೋಲೂರಿಕೊಂಡು ತಾನೇ ಬಂದು, ಪಾಳಿ ಬಿಟ್ಟು ಮುಂದೆ ಕೂತು ಕೆಮ್ಮಿತು. ಲಕ್ಷ್ಮಿಬಾಯಿ ಮಿಶ್ರಿಯ ಡಬ್ಬಿಯನ್ನೇ ತೆಗೆದು ತೋರಿಸಿದಳು. "ದಿನಾ ಇಷ್ಟ ಬೇಕಪಾ. ಮುಂಜಾನೆ ನಿನ್ನ ಸಲುವಾಗಿ ನುಂಗಿ ಸಾಯೂದ ಒಂದ ಬಾಕಿ ಇತ್ತು." ಈ ಸಲ ಯಾರೂ ಅವಲಕ್ಕಿ ಕೊಡಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ. ಅಭಿನಂದನನಿಗೆ ಅದೇ ಸ್ವರ್ಗ. ಬೆರಳು ನೋಯುವವರೆಗೆ 'ಹೌದು' 'ಹೌದು' ಎಂದು ಒತ್ತುತ್ತಲೇ ಹೋದ.

ಶ್ರೀಪಾಲ ಕಾಕಾ ಪಟ್ಟಿ ಸುತ್ತಿಸಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಹೇಳತೊಡಗಿದ್ದ. "ಬಿ.ಪಿ. ನಂಗ ಮೊದಲಿಂದ ಐತಿ, ಹಾಕ್ರಿ. ಸಕ್ಕರಿ ನಮ್ಮ ಮನೆತನದಾಗ ಎಲ್ಲಾರಿಗೂ ಐತಿ, ಅಜ್ಜನ ಕಾಲದಿಂದ. ನಮ್ಮಣ್ಣಗ ಎರಡೂ ಅದಾವು. ಗೊಬ್ಬರದ ಚೀಲ ಎತ್ತಿದಾಗಿಂದ ನಡಾನೂ ಹಿಡದೈತಿ, ಅದನ್ನೂ ಹಾಕ್ರಿ."

ಪಕ್ಕದಲ್ಲಿ ಬಿಳಿ ಟೋಪಿಯ ಒಬ್ಬ ಹಿರಿಯರು ತಮ್ಮ ಪಾಳಿಗಾಗಿ ತೋಳು ಮಡಚಿಕೊಂಡು ಕೂತು ಎಲ್ಲವನ್ನೂ ಕೇಳುತ್ತಿದ್ದರು. ಆರೋಗ್ಯ ಶಿಬಿರವೆಂದು ತಿಳಿದು ಕಾರಿಳಿದು ಬಂದವರು. "ಪಾಪ, ಭಾಳ ತ್ರಾಸ ಐತಿ ನಿಮಗ" ಎಂದು ಮರುಗಿ, "ಅಂದಂಗ ಇಲ್ಲಿ ಶ್ರೀಪಾಲ ಅನ್ನಾವರ ಮನಿ ಯಾವುದ್ರಿ? ಅಥಣಿಯಿಂದ ಬಂದೇವಿ. ನಮ್ಮ ನಿಖಿಲಗ ಅವರ ಕನ್ಯಾ ನೋಡೂದೈತಿ. ರವಿವಾರ ಅಂದಿದ್ವಿ, ನಿಪ್ಪಾಣಿ ಕೆಲಸಕ್ಕ ಬಂದಾವರು ಹಂಗ ಬಂದ್ವಿ" ಎಂದರು.

ಶ್ರೀಪಾಲನ ತೋಳಿನಲ್ಲಿದ್ದ ಮಶೀನು ತನ್ನಷ್ಟಕ್ಕೇ ಕೂಗಿಕೊಂಡಿತು. ಕಟ್ಟೆಯಲ್ಲಿ ಕೆಮ್ಮೂ ನಿಂತಿತು.

"ನಾನರಿ ಶ್ರೀಪಾಲ," ಎಂದ ಕೊನೆಗೆ. ಆಮೇಲೆ ಒಮ್ಮೆಲೇ ನಕ್ಕ. "ಇದೆಲ್ಲ ನಾಟಕರಿ. ಕಾಲೇಜಿನ ಹುಡುಗೂರು ಆರೋಗ್ಯದ ನಾಟಕ ಮಾಡಸ್ತಾರ. ನಾವು ಜಡ್ಡಿನವರ ಪಾರ್ಟ ಮಾಡೂದು. ಹೌದಲ್ಲ ಡಾಕ್ಟರ?"

ಅಭಿನಂದನ ತಲೆಯೆತ್ತಿದ. ಶ್ರೀಪಾಲನ ಕಣ್ಣುಗಳು ಬೇಡುತ್ತಿದ್ದವು. ಹಿಂದೆ ಜನರ ನಡುವೆ ಕಾಜಲ ನಿಂತಿದ್ದಳು, ಬೆಳಗಿನ ನಗು ಮುಖದಲ್ಲಿರಲಿಲ್ಲ. ತನ್ನಿಂದಾಗಿ ಒಬ್ಬ ಹುಡುಗಿಯ ಸಂಬಂಧ ಮುರಿಯುತ್ತದಲ್ಲ ಎಂದು ಅವನಿಗೆ ನಿಜವಾಗಿಯೂ ಸಂಕಟವಾಯಿತು. "ಹೌದ್ರಿ, ನಾಟಕ" ಎಂದುಬಿಟ್ಟ.

"ಹಂಗಾರ ನಮ್ಮ ಹೆಸರ ಮುಂದ ಹಾಕಿದ್ದನ್ನ ತಗೀರಿ," ಎಂದ ಶ್ರೀಪಾಲ. ಅಭಿನಂದನ ಆ ಮನೆಯ 'ಹೌದು'ಗಳನ್ನೆಲ್ಲ 'ಇಲ್ಲ' ಮಾಡಿದ.

"ನಮ್ದೂ ತಗೀರಿ," ಎಂದಳು ಎಮ್ಮೆಯ ಮನೆಯವಳು. "ಕಾರಿನ್ಯಾಗ ಬಂದಾವರು ನಾಳೆ ನಮ್ಮನಿಗೂ ಬರಬಹುದು."

ಒಬ್ಬರದು ತೆಗೆದರೆ ಇನ್ನೊಬ್ಬರದು ಉಳಿಯುವುದು ಹೇಗೆ? ಜನ ಹೆಗಲ ಮೇಲಿಂದ ಬಗ್ಗಿ ನೋಡುತ್ತ ನಿಂತರು. ಒಂದು 'ಹೌದು' ತಪ್ಪಿ ಉಳಿದರೂ ಬೆರಳು ಮಾಡಿ ತೋರಿಸಿದರು. ಊರು ಮತ್ತೆ ಬೆಳಗಿನ ಹಾಗೆ ಗಟ್ಟಿಮುಟ್ಟಾಯಿತು.

ಅಥಣಿಯ ಹಿರಿಯರು ಮಾತ್ರ ಜೋಲುಮುಖ ಮಾಡಿದ್ದರು. "ನಾಟಕ ಏನ್ರಿ? ನನಗ ಖುಷಿ ಆಗಿತ್ತಲ್ರಿ. ನಮ್ಮ ಮನ್ಯಾಗೂ ಎಲ್ಲಾರಿಗೂ ಸಕ್ಕರಿ. ಗಟ್ಟಿ ಮನೆತನ ಅಂದ್ರ ನಮ್ಮನ್ನ ಒಲ್ಲೆ ಅಂತಾರಂತ ಹೆದರಿಕೊಂಡ ಬಂದಿದ್ವಿ."

ಶ್ರೀಪಾಲ ಅವರನ್ನು ತಬ್ಬಿಕೊಂಡು, "ನಾಟಕ ಅಲ್ರಿ, ಎಲ್ಲಾ ಖರೇನ ಐತಿ" ಎಂದ. ಇಬ್ಬರೂ ಯಾವ ಗುಳಿಗೆ, ಎಷ್ಟು ಹೊತ್ತಿಗೆ ಎಂದು ಮಾತಾಡಿಕೊಳ್ಳುತ್ತ ಮನೆಯ ಕಡೆ ನಡೆದರು.

ಅಭಿನಂದನ ಬೆನ್ನು ಹತ್ತಿದ. "ಕಾಕಾ, ಹಂಗಾರ ತಿರುಗಿ ಬರೀಲಿರೀ?"

"ಅವರಿಗೆ ತಿಳದ್ರ ಸಾಕಪಾ. ಇನ್ನ ಮದಿವಿ ಐತಿ, ಬೀಗರು ಬರಾವರು. ಊರಿಗೆಲ್ಲಾ ಯಾಕ?" ಎಂದ ಶ್ರೀಪಾಲ, "ಬರ್ರಿ, ಅವಲಕ್ಕಿ ತಿಂದ ಹೋಗ್ರಿ" ಎಂದು ಕೈ ಹಿಡಿದ. ಅಭಿನಂದನ ಕೈ ಬಿಡಿಸಿಕೊಂಡು ಬಸ್ ನಿಲ್ದಾಣದ ಕಡೆ ಓಡಿದ.

ಚಿಕ್ಕೋಡಿ ಬಸ್ಸಿನಲ್ಲಿ ಕೂತು, ದೇವರ ಮೇಲೆ ಭಾರ ಹಾಕಿ, ಇದ್ದದ್ದನ್ನು ಹಾಗೆಯೇ ಮೇಡಂಗೆ ಕಳಿಸಿದ. ಅಕ್ಕೋಳ: ಬಿ.ಪಿ. ಇಲ್ಲ, ಸಕ್ಕರೆ ಇಲ್ಲ, ತಂಬಾಕು ಇಲ್ಲ. ಕಳಿಸಿ ಸ್ವಲ್ಪ ಹೊತ್ತಿಗೆ ಫೋನು ಬಂತು.

"ಅಭಿನಂದನ, ಖರೇನ ಒಬ್ಬರಿಗೂ ಏನೂ ಇಲ್ಲಾ?"

"ಇಲ್ಲರಿ ಮೇಡಂ."

"ನೀನ ಸ್ವತಃ ಹೋಗಿ ನೋಡಿ ಬಂದೀ?"

"ಮನಿ ಮನಿಗೆ ಹೋಗೇನ್ರಿ."

ಪರೀಕ್ಷೆ ಹೋಯಿತು, ಕಬ್ಬಿಗೆ ನೀರು ಹಾಯಿಸುವುದೇ ಹಣೆಬರಹ ಎಂದು ಅಭಿನಂದನ ಕಣ್ಣು ಮುಚ್ಚಿದ.

"ಭಾಳ ಛಲೋ ಆತು," ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ತಮ್ಮ ಶೀತಲಗ ಕನ್ಯಾ ಹುಡಕಾಕತ್ತೇವಿ. ಜಡ್ಡಿಲ್ಲದ ಮನೆತನ ಬೇಕಂತ ನಮ್ಮವ್ವ ಹಟ ಹಿಡದಾಳ. ರವಿವಾರ ನಮ್ಮನ್ನ ಅಕ್ಕೋಳಕ್ಕ ಕರಕೊಂಡ ಹೋಗು. ನೀನ ಮುಂದ ನಿಂತ ಮಾತಾಡು. ಸಂಬಂಧ ಕೂಡಿದ ಮ್ಯಾಲ ನಿನ್ನ ಸಂಶೋಧನಕ್ಕ ಸಹಿ ಮಾಡ್ತೇನಿ."

ಶೀತಲ ಎಂದರೆ ಕಾಲೇಜಿನ ಗ್ರಂಥಪಾಲಕ. ಮೊನ್ನೆ ಅಭಿನಂದನ ಅವನ ಬೆರಳು ಚುಚ್ಚಿ ಸಕ್ಕರೆ ನೋಡಿ, ನಂಬಿಕೆಯಾಗದೆ ಇನ್ನೊಮ್ಮೆ ಚುಚ್ಚಿ ನೋಡಿದ್ದ. ಇಡೀ ಕಾಲೇಜಿನಲ್ಲಿ ಅಷ್ಟು ಸಕ್ಕರೆ ಇನ್ನೊಬ್ಬರಿಗಿರಲಿಲ್ಲ.

"ಮೇಡಂ, ಶೀತಲ ಸರ್‌ಗೆ ಮೊನ್ನೆ..."

"ಅವಂಗ ಏನೂ ಇಲ್ಲ," ಎಂದರು ಮೇಡಂ ತಟ್ಟನೆ. ಬೆಳಿಗ್ಗೆಯಿಂದ ಹೊಸ್ತಿಲು ಹೊಸ್ತಿಲಲ್ಲಿ ಕೇಳಿದ ದನಿಯೇ ಅದು. "ನಿನ್ನ ಮಶೀನ ಕೆಟ್ಟಿರಬೇಕು. ಅದನ್ನ ತಗದಬಿಡು. ಅವನ್ದೊಂದ ತಗದ್ರ ಮಂದಿಗೆ ಸಂಶೆ ಬರತೈತಿ, ಎಲ್ಲಾರ್ದೂ ತಗೀ."

ಅಭಿನಂದನ ಆಗಲಿ ಎಂದು ಫೋನಿಟ್ಟು, ಒಂದೊಂದೇ 'ಹೌದ'ನ್ನು 'ಇಲ್ಲ' ಮಾಡುತ್ತ ಕೂತ. ಬಸ್ಸು ಚಿಕ್ಕೋಡಿ ಸೇರುವಷ್ಟರಲ್ಲಿ ಕಾಲೇಜಿನಲ್ಲೂ ಯಾರಿಗೂ ಏನೂ ಇರಲಿಲ್ಲ. ಅವನಿಗೆ ಮಾತ್ರ ರವಿವಾರವನ್ನು ನೆನೆದರೆ ತಲೆ ಗಿರ್ರೆನ್ನುತ್ತಿತ್ತು, ಎದೆ ಉರಿಯುತ್ತಿತ್ತು. ಚೀಲದಲ್ಲಿದ್ದ ಮಶೀನನ್ನು ತೆಗೆದು ತನ್ನ ತೋಳಿಗೇ ಸುತ್ತಿ ನೋಡಿಕೊಂಡ. ಅದು ಏನು ತೋರಿಸಿತೋ, ಅವನು ಯಾರಿಗೂ ಹೇಳಲಿಲ್ಲ. ಅವನಿಗೂ ಮುಂದೊಂದು ದಿನ ಮದುವೆಯಾಗಬೇಕಲ್ಲ.