ಶುಕ್ರವಾರ ಸಿಕ್ಕ ಅಡ್ವಾನ್ಸು

"ಮೂವತ್ತು ಸಾವಿರದಾಗೆ ಒಂದು ರೂಪಾಯಿ ಕಮ್ಮಿಯಾದ್ರೂ ನನ್ನ ಹೆಸರು ಓಬಳೇಶನೇ ಅಲ್ಲ!"

ಬಾಡಿಗೆ ಮನೆ ಖಾಲಿ ಮಾಡಿ ಸಾಮಾನನ್ನು ಟ್ರ್ಯಾಕ್ಟರಿಗೆ ಏರಿಸುವಾಗಲೇ ನಾನು ಬೀದಿಗೆಲ್ಲ ಕೇಳಿಸುವಂತೆ ಘೋಷಿಸಿದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಹನ್ನೆರಡು ವರ್ಷ ಗುಮಾಸ್ತನಾಗಿ, ಎಂತೆಂಥ ಶೇಂಗಾ ವ್ಯಾಪಾರಿಗಳಿಂದ ಬಾಕಿ ಕಕ್ಕಿಸಿದ ವೀರ ನಾನು. ಜುಜುಬಿ ಒಬ್ಬ ಮನೆ ಓನರಿಂದ ಅಡ್ವಾನ್ಸು ಬಿಡಿಸಿಕೊಳ್ಳುವುದು ಯಾವ ಮಹಾ!

"ಆಗ್ಲಿ, ಮೊದ್ಲು ಆ ಸಿಲಿಂಡರ್ ಹಿಡೀರಿ," ಎಂದಳು ನನ್ನ ಹೆಂಡತಿ ಪ್ರೇಮಲತಾ. ನನ್ನ ಶಪಥಗಳಿಗೆ ಅವಳು ಕೊಡುವ ಮರ್ಯಾದೆ ಇಷ್ಟೇ.

ಪಾವಗಡ ರಸ್ತೆಯ ಹೊಸ ಬಾಡಿಗೆ ಮನೆಗೆ ಹೋದರೆ ಅಡುಗೆಮನೆಗೆ ಬೀಗ! ಓನರ್ ಉಚ್ಚಂಗೆಮ್ಮನವರು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು.

"ಅಡ್ವಾನ್ಸ್ ಮೂವತ್ತು ಸಾವಿರ ಕೊಟ್ಟ ದಿನ ಇದ್ನ ತೆಗಿತೀನಿ. ಬಾಯ್ಮಾತು ನಂಬಿ ಒಂದ್ಸಲ ಕೆಟ್ಟೀನಪ್ಪ."

"ಹಳೇ ಮನೇದು ನಾಳೇನೇ ಬರ್ತೈತಮ್ಮಾ!"

"ಹಂಗಾದ್ರೆ ಬೀಗಾನೂ ನಾಳೇನೇ ತೆಗಿತೀನಿ."

ಹಾಗಾಗಿ ಒಲೆ ನಡುಮನೆಗೆ ಬಂತು. ಹಾಸಿಗೆ ಸುತ್ತಿದ ಮೇಲೆ ಮುದ್ದೆ, ಮುದ್ದೆ ಮುಗಿದ ಮೇಲೆ ಹಾಸಿಗೆ. ಒಗ್ಗರಣೆಯ ಘಾಟಿಗೆ ನಾನು ಮಿಲ್ಲಿನಲ್ಲಿ ಕೂತಾಗಲೂ ಸೀನುತ್ತಿದ್ದೆ. ಮೂರನೇ ದಿನ ಪ್ರೇಮಲತಾ ಸೌಟು ಹಿಡಿದು ಎದುರಿಗೆ ನಿಂತಳು. "ಈ ವಾರ ನೋಡ್ತೀನಿ. ಆಮೇಲೆ ಮೊಳಕಾಲ್ಮೂರಿಗೆ, ನಮ್ಮವ್ವನ ಮನೆಗೆ ಹೋಗ್ತೀನಿ. ಅಲ್ಲಿ ಅಡುಗೆಮನೆಗೆ ಯಾರೂ ಬೀಗ ಹಾಕಿಲ್ಲ!"

ಹಳೇ ಮನೆಯ ಓನರ್ ಚಿತ್ತಪ್ಪನವರು ಕಂಬಳಿ ವ್ಯಾಪಾರಿ. ದುಡ್ಡು ಕೇಳಲು ಹೋದರೆ ಕಂಬಳಿ ಗಂಟಿನ ಮೇಲೆ ಮಹಾರಾಜರಂತೆ ಆಸೀನರಾಗಿದ್ದರು.

"ದುಡ್ಡೇನು ಓಡಿ ಹೋಗ್ತೈತೇನೋ ಓಬಳೇಶಾ? ಹೊಸಬ್ರು ಬರ್ಲಿ, ಅವ್ರು ಕೊಟ್ಟಿದ್ನ ನಿನಗೆ ಕೊಡ್ತೀನಿ."

"ಮತ್ತೆ ನಾನು ಕೊಟ್ಟಿದ್ದು ಎಲ್ಲೈತ್ರೀ?"

"ಅದು ನಿನ್ನ ಹಿಂದಿದ್ದೋನಿಗೆ ಹೋತಲ್ಲ!"

ಆಹಾ! ನಾಲ್ಕು ವರ್ಷ ನಾನು ಆ ಮನೆಯಲ್ಲಿದ್ದೆ. ನನ್ನ ದುಡ್ಡು ಒಂದು ದಿನವೂ ಇರಲಿಲ್ಲ. ದುಡ್ಡಿಗೆ ನನಗಿಂತ ಬುದ್ಧಿ ಜಾಸ್ತಿ.

ಸರಿ, ಬೈದು ಬಿಟ್ಟುಬಂದ ಮನೆಗೆ ನಾನೇ ಬಿಟ್ಟಿ ಬ್ರೋಕರ್ ಆದೆ. "ನಲ್ಲೀಲಿ ಬರೀ ಉಪ್ಪುನೀರು" ಎಂದು ಶಪಿಸಿದ ಇದೇ ಬಾಯಿ, "ಸಾರಿಗೆ ಉಪ್ಪಿನ ಖರ್ಚೇ ಇಲ್ಲ ಕಣ್ರೀ!" ಎಂದು ಹಾಡಿ ಹೊಗಳಿತು. ಕೊನೆಗೆ ಮೊಬೈಲ್ ರಿಪೇರಿ ಮಾಡುವ ವೀರೇಶ್ ಎಂಬ ಹುಡುಗ ಮನೆಯನ್ನು ಒಪ್ಪಿದ. ಖುಷಿಗೆ ಚಹಾ ಕುಡಿಸಿದೆ.

"ಆದ್ರೆ ಅಣ್ಣಾ, ನನ್ನ ಅಡ್ವಾನ್ಸು ಹಳೇ ಓನರ್ ಹತ್ರ ಸಿಕ್ಕಂಡೈತೆ. ಅಲ್ಲಿಗೆ ಹೊಸಬ ಯಾವನೋ ಬಂದು ಕುಂತಾನಂತೆ, ಇನ್ನೂ ಒಂದು ಪೈಸೆ ಬಿಚ್ಚಿಲ್ಲಂತೆ!"

"ಥೂ, ಎಂಥ ನಾಚಿಕೆಗೆಟ್ಟ ಜನ! ಯಾವ ಮನೆ ಅದು?"

"ಪಾವಗಡ ರೋಡು, ಉಚ್ಚಂಗೆಮ್ಮನ ಮನೆ."

ಬಾಯಲ್ಲಿದ್ದ ಚಹಾವನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅಂದರೆ ನಾನು ಚಿತ್ತಪ್ಪನಿಗೆ ಕಾಯುತ್ತಿದ್ದೆ, ಚಿತ್ತಪ್ಪ ವೀರೇಶನಿಗೆ, ವೀರೇಶ ಉಚ್ಚಂಗೆಮ್ಮನಿಗೆ, ಉಚ್ಚಂಗೆಮ್ಮ ನನಗೆ! ಗಾಣದ ಎತ್ತಾದರೂ ಒಂದಿಷ್ಟು ಎಣ್ಣೆ ತೆಗೆಯುತ್ತದೆ. ನಮ್ಮ ಸುತ್ತಿನಲ್ಲಿ ಅದೂ ಇಲ್ಲ.

ಮನೆಗೆ ಬಂದು ಹೇಳಿದರೆ ಪ್ರೇಮಲತಾ ಮುದ್ದೆ ತಿರುವುವುದನ್ನೂ ನಿಲ್ಲಿಸಲಿಲ್ಲ. "ಇದಕ್ಯಾಕೆ ತಲೆ ಕೆಡಿಸ್ಕೊಂಡೀರಿ? ನಮ್ಮ ಸ್ತ್ರೀಶಕ್ತಿ ಸಂಘದಾಗೆ ಮೂವತ್ತು ಸಾವಿರ ಕೈಗಡ ಇಸ್ಕೊಂಡು ಬರ್ತೀನಿ. ಎಲ್ರೂ ಒಂದು ಕಡೆ ಕುಂತ್ರೆ, ಅದೇ ದುಡ್ಡು ಒಂದು ಸುತ್ತು ಹೊಡೆದು ನನ್ನ ಕೈಗೇ ಬರ್ತೈತೆ. ಶನಿವಾರ ಸಂಘಕ್ಕೆ ವಾಪಸ್ಸು."

"ನಾನೂ ಅದನ್ನೇ ಹೇಳೋನಿದ್ದೆ! ಶುಕ್ರವಾರ ಇಟ್ಕೊಳ್ಳಾನ. ಲಕ್ಷ್ಮೀವಾರ, ಶುಭ!"

"ಶುಕ್ರವಾರ ಬ್ಯಾಡ್ರೀ. ಗುರುವಾರನೇ ಮುಗ್ಸಾನ."

"ವಸೂಲಿ ವಿಷ್ಯ ನನಗೆ ಬಿಡು!"

ಬಿಟ್ಟಳು. ಶುಕ್ರವಾರ ಸಂಜೆ ಎಲ್ಲರೂ ಚಿತ್ತಪ್ಪನವರ ಪಡಸಾಲೆಯಲ್ಲಿ ಸೇರಿದೆವು. ನಾನು ರಾಜಗಾಂಭೀರ್ಯದಿಂದ ಸಂಘದ ನೋಟಿನ ಕಟ್ಟನ್ನು ಉಚ್ಚಂಗೆಮ್ಮನವರತ್ತ ಚಾಚಿದೆ. ಅವರು ಕೈ ಹಿಂದಕ್ಕೆಳೆದುಕೊಂಡರು. "ನಾ ಮುಟ್ಟಲ್ಲಪ್ಪ. ಮುಟ್ಟಿದ್ರೆ ಶುಕ್ರವಾರ ನಾನು ದುಡ್ಡು ಹೊರಗೆ ಕೊಟ್ಟಂಗಾಗ್ತೈತೆ. ನೀನೇ ವೀರೇಶಂಗೆ ಕೊಡು, ನನಗೆ ಬಂದಂಗೆ," ಎಂದವರೇ ಅಡುಗೆಮನೆಯ ಕೀಲಿಯನ್ನು ಪ್ರೇಮಲತಾಳ ಕೈಗಿಟ್ಟರು. ವೀರೇಶ ವಾರಗೀರ ನೋಡುವವನಲ್ಲ. ಕಟ್ಟನ್ನು ನೇರವಾಗಿ ಚಿತ್ತಪ್ಪನವರಿಗೆ ಕೊಟ್ಟ. ಅವರು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟು ಕೈ ಮುಗಿದರು. ನಾನು ಕೈ ಚಾಚಿದೆ.

"ಏನೋ?"

"ನನ್ನ ಅಡ್ವಾನ್ಸು!"

"ಲೇ, ಶುಕ್ರವಾರ, ದೀಪ ಹಚ್ಚೋ ಹೊತ್ತು! ಬಂದ ಲಕ್ಷ್ಮೀನ ಹೊರಗೆ ಕಳಿಸ್ಲಾ? ನಾಳೆ ಶನಿವಾರ ಬ್ಯಾಡ, ಭಾನುವಾರ ಅಮಾವಾಸ್ಯೆ, ಸೋಮವಾರ ನಮ್ಮನೆ ದೇವರ ವಾರ, ಮಂಗಳವಾರ ಅಂತೂ ಕೇಳಲೇಬ್ಯಾಡ. ಬುಧವಾರ ಬಾ."

ಬೆಳಗಾದರೆ ಸಂಘಕ್ಕೆ ದುಡ್ಡು ಕಟ್ಟಬೇಕು! ಇಪ್ಪತ್ತು ಹೆಂಗಸರ ಮುಂದೆ ನನ್ನ ಹೆಂಡತಿಯ ಮಾನ ಹೋಗುತ್ತದೆ. ಬೇಡವೆಂದರೂ ಶುಕ್ರವಾರ ಇಟ್ಟವನು ನಾನೇ! ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ವಸೂಲಿ ವೀರನ ಬಾಯಿಂದ "ಅಲ್ರೀ... ಅದು..." ಎಂಬ ಎರಡೇ ಶಬ್ದ ಹೊರಟವು.

ಪ್ರೇಮಲತಾ ಎದ್ದಳು. "ಸರಿ ಹೇಳಿದ್ರಿ ಚಿತ್ತಪ್ಪಾರೆ. ಶುಕ್ರವಾರ ಕೊಡಬಾರ್ದು." ಒಳಮನೆಯತ್ತ ತಿರುಗಿ ದನಿ ಎತ್ತಿದಳು. "ಪಾತಮ್ಮಾರೆ, ನಾನಿನ್ನ ಬರ್ತೀನ್ರಿ!"

ಚಿತ್ತಪ್ಪನವರ ಹೆಂಡತಿ ಪಾತಮ್ಮ ಓಡಿ ಬಂದರು. "ಅಯ್ಯೋ ನಮ್ಮವ್ವಾ! ಶುಕ್ರವಾರ ಮುತ್ತೈದೆ ಬರಿಗೈಲಿ ಹೋಗ್ತೀಯಾ? ಅದೂ ನಾಕು ವರ್ಷ ನಮ್ಮ ಮನ್ಯಾಗೆ ಬಾಳಿದೋಳು! ನಿಂದ್ರು, ಉಡಿ ತುಂಬ್ತೀನಿ."

ಕುಂಕುಮ ಬಂತು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಒಂದೊಂದಾಗಿ ಸೆರಗಿಗೆ ಬಿದ್ದವು. ಪ್ರೇಮಲತಾ ಮಾತ್ರ ಸೆರಗು ಮಡಿಸಲಿಲ್ಲ. ಒಡ್ಡಿಕೊಂಡೇ ನಿಂತು, "ದೇವರ ಗೂಡಿನಾಗಿರೋದೊಂದು ಉಳೀತಲ್ರೀ," ಎಂದಳು ಮೆತ್ತಗೆ.

ಪಾತಮ್ಮ ಗಂಡನನ್ನು ಕೆಕ್ಕರಿಸಿ ನೋಡಿದರು. "ಉಡಿ ಒಡ್ಡಿ ನಿಂತ ಹೆಣ್ಮಗಳ್ನ ಕಾಯಿಸ್ತೀರಾ? ಇದು ಸಾಲ ಕೊಟ್ಟಂಗಲ್ಲ, ಲಕ್ಷ್ಮೀಗೆ ಲಕ್ಷ್ಮಿ ಕೊಟ್ಟಂಗೆ. ತಂದು ಹಾಕ್ರಿ!"

ಚಿತ್ತಪ್ಪನವರು ಪಂಚಾಂಗದಲ್ಲಿ ದಾರಿ ಹುಡುಕಿದರು; ಸಿಗಲಿಲ್ಲ. ಎದ್ದು ಹೋಗಿ, ಕಟ್ಟನ್ನು ತಂದು, ಮಗಳನ್ನು ಗಂಡನ ಮನೆಗೆ ಕಳಿಸುವ ಮುಖ ಮಾಡಿಕೊಂಡು ಉಡಿಗೆ ಹಾಕಿದರು.

ದಾರಿಯಲ್ಲಿ ನನ್ನ ಎದೆ ಮತ್ತೆ ಉಬ್ಬಿತು. ಹೇಗಾದರಾಗಲಿ, ವಸೂಲಾಯಿತಲ್ಲ!

"ಕೊಡು, ನನ್ನ ಅಡ್ವಾನ್ಸು ಒಂದ್ಸಲ ಎಣಿಸಿಬಿಡ್ತೀನಿ," ಎಂದು ಕೈ ಚಾಚಿದೆ.

ಪ್ರೇಮಲತಾ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದು ನನ್ನ ಉಡಿ ಕಣ್ರೀ, ಗಂಡಸ್ರು ಮುಟ್ಟಬಾರ್ದು. ನಿಮ್ಮ ಅಡ್ವಾನ್ಸು ಬುಧವಾರ ಕೊಡ್ತೀನಿ ಅಂದಾರಲ್ಲ, ಹೋಗಿ ಇಸ್ಕೊಂಡು ಬರ್ರಿ!"