ಹಾರದ ಗುಂಡಿಗೆ ಮೂವತ್ತು ಎಣಿಕೆ

ಟಕ್.

ರಾತ್ರಿ ಎರಡು ಗಂಟೆಗೆ ಪ್ರೇಮನಾಥ ಎದ್ದು ಕುಳಿತ. ಗೋಡೆಯ ಆಚೆ ಬಂದೂಕಿನ ಕೋಣೆ. ಬೀಗದ ಕೈ ಅವನ ದಿಂಬಿನ ಕೆಳಗೇ ಇತ್ತು. ಏಳು ಬಂದೂಕುಗಳಿಗೂ ಸರಪಳಿ, ಒಂದರಲ್ಲೂ ತೋಟೆ ಇಲ್ಲ. ಮಲಗುವ ಮುನ್ನ ಎರಡು ಸಲ ನೋಡಿದ್ದ. ಆದರೂ ಒಳಗೆ ಯಾರೋ ಟ್ರಿಗರ್ ಎಳೆದಂಥ ಸದ್ದು.

ಅರಬರ ನಾಡಿನ ಬರ್ಕಾ ಪಟ್ಟಣದ ಹೊರಗಿನ ಆ ಶೂಟಿಂಗ್ ರೇಂಜಿನಲ್ಲಿ ಅವನು ಬಂದೂಕುಗಳ ಉಸ್ತುವಾರಿ. ಕಾಪುವಿನ ತನ್ನ ಮನೆಯಲ್ಲಿ ಬೋನಿಗೆ ಬಿದ್ದ ಇಲಿಯನ್ನೂ ದೂರ ಹೋಗಿ ಬಿಟ್ಟುಬರುವ ಮನುಷ್ಯ; ಹೊಟ್ಟೆಪಾಡು ಇಲ್ಲಿಗೆ ತಂದಿತ್ತು.

ಬೆಳಿಗ್ಗೆ ಅಡುಗೆಯ ಕುಂಞಾಲಿ ಚಹಾ ಕೊಡುತ್ತ, "ನಿಮಗೂ ಕೇಳಿತಾ ಪ್ರೇಮಣ್ಣ?" ಎಂದ.

"ಎಂತ ಕೇಳುವುದು?"

"ನಾಟಕ ಬೇಡ. ಕಣ್ಣು ನೋಡಿದ್ರೆ ಗೊತ್ತಾಗ್ತದೆ. ಹಳೆ ಅರ್ಬಾಬ್ ಇರುವಾಗ ಮಲಗುವ ಮೊದಲು, ಬಂದೂಕು ಖಾಲಿ ಉಂಟಾ ಅಂತ ಒಂದು ಸಲ ಟಕ್ ಮಾಡ್ತಿದ್ರು. ದಿನಾ. ಈಗ್ಲೂ ಮಾಡ್ತಾರೆ, ಅಷ್ಟೆ."

ಹಳೆ ಅರ್ಬಾಬ್ ಎಂದರೆ ಯಜಮಾನ ಹಕೀಂ ಸಾಹೇಬರ ತಂದೆ. ತೀರಿಕೊಂಡು ಒಂದು ವರ್ಷ. ಅವರ ಸೆಮಿ ಆಟೊಮ್ಯಾಟಿಕ್ ರೈಫಲಿನಿಂದ ಮಗ ವಾರಕ್ಕೊಮ್ಮೆ ಗುಂಡು ಹಾರಿಸುವುದು ರೂಢಿ. ಹೊರಗಿನಿಂದ ಒರೆಸಬಹುದು, ಬಿಚ್ಚಬಾರದು ಎಂದು ಕಟ್ಟಪ್ಪಣೆ. ಆ ರೈಫಲ್ ಮೂರು ವಾರದಿಂದ ಮುಷ್ಕರ ಹೂಡಿತ್ತು. ಒಮ್ಮೆ ಟಕ್ ಎಂದು ಸುಮ್ಮನಾಗುತ್ತಿತ್ತು. ಒಮ್ಮೆ ಹಾರಿದರೂ ಖಾಲಿ ತೋಟೆ ಹೊರಗೆ ಬೀಳದೆ, ನಳಿಗೆಯ ಹಿಂಬದಿ ಮುಚ್ಚಿ ತೆರೆಯುವ ಬೋಲ್ಟಿನ ಬಾಯಲ್ಲೇ, ಬಾಗಿಲಿಗೆ ಸಿಕ್ಕ ಬೆಕ್ಕಿನ ಬಾಲದಂತೆ ನಿಲ್ಲುತ್ತಿತ್ತು. ನಿನ್ನೆಯೂ ಹಾಗೇ. ಹೋಗುವಾಗ ಸಾಹೇಬರು ತಣ್ಣಗೆ ಹೇಳಿದ್ದರು: "ನಾಳೆ ನಾಲ್ಕಕ್ಕೆ ಬರುತ್ತೇನೆ. ಕೊನೆಯ ಸಲ. ಆಮೇಲೆ ನಿನ್ನ ವೀಸಾದ ವಿಷಯ ಹೇಳುತ್ತೇನೆ."

ವೀಸಾ ಮುಗಿಯಲು ಹನ್ನೆರಡು ದಿನ. ಮಗಳು ಭವ್ಯಶ್ರೀಯ ಕಾಲೇಜು ಮುಗಿಯಲು ಎರಡು ವರ್ಷ.

ಹತ್ತು ಗಂಟೆಗೆ ಪ್ರೇಮನಾಥ ರೈಫಲನ್ನು ಹೊರಗೆ ತಂದು ಬಿಸಿಲಿನ ಬೆಂಚಿನ ಮೇಲಿಟ್ಟ. ಮ್ಯಾಗಝಿನ್ ಬದಲಿಸಿದ, ಅದರ ಸ್ಪ್ರಿಂಗ್ ಒತ್ತಿ ನೋಡಿದ, ಹೊಸ ಡಬ್ಬಿಯ ತೋಟೆ ತುಂಬಿದ. ಹತ್ತಕ್ಕೆ ಹತ್ತೂ ಹಾರಿದವು. ಖಾಲಿ ತೋಟೆಗಳು ಬಾಣಲೆಯ ಅರಳಿನಂತೆ ಸಿಡಿದವು. ರೈಫಲನ್ನು ಒಳಗಿಟ್ಟು, ನೆಮ್ಮದಿಯಿಂದ ಉಂಡು, ಆಫೀಸಿನ ಜೊವಿಟಾಳನ್ನು ಸಾಕ್ಷಿಗೆ ಕರೆದ. ಕೋಣೆಯಿಂದ ರೈಫಲ್ ತಂದು ಗುರಿಯಿಟ್ಟ.

ಟಕ್.

"ಅಲುಗಾಡಬೇಡಿ!" ಎಂದು ಕೂಗಿದ. ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಮೂವತ್ತು ಎಣಿಸಬೇಕು. ತಡವಾಗಿ ಹಾರಿದರೂ ಹಾರೀತು. ಜೊವಿಟಾ ಜಪಸರ ಹಿಡಿದವಳಂತೆ ಕೊಂಕಣಿಯಲ್ಲಿ ಎಣಿಸತೊಡಗಿದಳು. ಹದಿನೇಳಕ್ಕೆ ನಿಲ್ಲಿಸಿ, "ನಿಮ್ಮ ಹಿಂದೆ ಯಾರೋ ನಿಂತ ಹಾಗಾಯ್ತು ಮಾರಾಯ್ರೆ," ಎಂದಳು.

"ಎಣಿಸಿ ಮೊದಲು!"

"ಎಷ್ಟಾಗಿತ್ತು? ಮರೆತೇ ಹೋಯ್ತು."

ಮತ್ತೆ ಒಂದರಿಂದ ಶುರುವಾಯಿತು.

ಹೊರತೆಗೆದ ತೋಟೆಯ ಮೇಲೆ ಪೆಟ್ಟಿನ ಗುರುತು ಸೊಳ್ಳೆ ಕಚ್ಚಿದಷ್ಟೇ ಇತ್ತು. ಒಳಗಿನ ಪಿನ್ನು ನಿದ್ದೆಗಣ್ಣಲ್ಲಿ ಬಡಿದಂತೆ.

"ತೋಟೆ ಹಳತು," ಎಂದಳು ಜೊವಿಟಾ.

"ಬೆಳಿಗ್ಗೆ ಅದೇ ಡಬ್ಬಿಯದ್ದು ಹಾರಿತಲ್ಲ?"

ಕೂಗು ಕೇಳಿ ಬಂದಿದ್ದ ಕುಂಞಾಲಿ ತಲೆಯಾಡಿಸಿದ. "ಹೊರಗೆ ಸರಿ ಉಂಟು, ಒಳಗಿಂದ ತಂದ್ರೆ ಇಲ್ಲ. ವಯಸ್ಸಾದವರು ಬಿಸಿಲಿಗೆ ಬರ್ತಾರಾ ಪ್ರೇಮಣ್ಣ? ಎಸಿ ಕೋಣೆಯಲ್ಲೇ ಇರ್ತಾರೆ."

ಎಸಿ! ಹಗಲೆಲ್ಲ ಆ ಕೋಣೆ ಮೀನಿನ ಐಸ್ ಪೆಟ್ಟಿಗೆಯಂತಿರುತ್ತಿತ್ತು. ಪ್ರೇಮನಾಥ ಕಟ್ಟಪ್ಪಣೆ ಮರೆತು ರೈಫಲನ್ನು ಬಿಚ್ಚಿದ. ಬೋಲ್ಟಿನ ಸುತ್ತ, ಪಿನ್ನಿನ ತೂತಿನೊಳಗೆ, ಬೆಳ್ಳಗೆ ಹೆಪ್ಪುಗಟ್ಟಿದ ಏನೋ. ಬೆರಳಿಗೆ ತಾಗಿದ್ದೇ ಕರಗಿತು. ಮೂಸಿ ನೋಡಿದ. ತನ್ನದೇ ತಲೆಯ ವಾಸನೆ.

"ಕುಂಞಾಲೀ!"

"ಹೋದ ತಿಂಗಳು ನೀವು ಊರಿಗೆ ಹೋಗಿದ್ದಾಗ ಹಕೀಂ ಸಾಹೇಬ್ರು ಒರೆಸಿಡು ಅಂದ್ರು," ಎಂದ ಕುಂಞಾಲಿ. "ಎರಡೇ ಚಮಚ ತೆಂಗಿನೆಣ್ಣೆ. ಗಾಣದ್ದು, ಒಳ್ಳೇದು. ನಮ್ಮಲ್ಲಿ ತೊಟ್ಟಿಲಿಂದ ಹಿಡಿದು ಹೊಲಿಗೆ ಮೆಷಿನಿನವರೆಗೆ ಎಲ್ಲದಕ್ಕೂ ಅದೇ ಅಲ್ವಾ?"

ಹಗಲು ಚಳಿಗೆ ಎಣ್ಣೆ ಗಟ್ಟಿಯಾಗಿ ಬೋಲ್ಟ್ ಆಮೆಯಾಗುತ್ತಿತ್ತು. ರಾತ್ರಿ ಎಸಿ ನಿಲ್ಲಿಸಿದ ಮೇಲೆ ಎಣ್ಣೆ ಕರಗಿ, ಅರ್ಧಕ್ಕೆ ನಿಂತಿದ್ದ ಬೋಲ್ಟ್ ಜಾರಿ ಟಕ್ ಎನ್ನುತ್ತಿತ್ತು. ಮೂರು ವಾರದಲ್ಲಿ ಮೊದಲ ಸಲ ಪ್ರೇಮನಾಥ ನಕ್ಕ. ಎಲ್ಲ ತೊಳೆದು, ಒರೆಸಿ, ಬಂದೂಕಿನ ಎಣ್ಣೆ ತೆಳ್ಳಗೆ ಸವರಿ, ಜೋಡಿಸಿ, ಬೇಕೆಂದೇ ಎಸಿ ಕೋಣೆಯಲ್ಲಿಟ್ಟ.

ನಾಲ್ಕಕ್ಕೆ ಹಕೀಂ ಸಾಹೇಬರು ಬಂದರು. ಹತ್ತಕ್ಕೆ ಹತ್ತೂ ಹಾರಿದವು. ರೈಫಲ್ ಕೆಳಗಿಟ್ಟು ಅದರ ಮೇಲೊಮ್ಮೆ ಕೈಯಾಡಿಸಿದರು. ಕಣ್ಣು ಒದ್ದೆಯಾಗಿತ್ತು.

"ಅಪ್ಪ ಒಪ್ಪಿಬಿಟ್ಟರು, ಪ್ರೇಮ್."

"ಯಾವುದಕ್ಕೆ ಸರ್?"

"ಈ ಜಾಗ ಮಾರಲು. ಮಾರುವುದು ಬೇಡವೆಂದರೆ ನಿನ್ನ ಬಂದೂಕು ನಿಲ್ಲಿಸು ಅಂತ ಅಪ್ಪನ ಗೋರಿಯ ಮುಂದೆ ಹೇಳಿದ್ದೆ. ಮೂರು ವಾರ ನಿಲ್ಲಿಸಿದರು. ಇವತ್ತೂ ನಿಂತಿದ್ದರೆ ಮಾರುವ ಮಾತೇ ಬಿಟ್ಟು, ನಿನ್ನ ವೀಸಾ ಎರಡು ವರ್ಷಕ್ಕೆ ಮಾಡಿಸುತ್ತಿದ್ದೆ. ಇನ್ನು ಖಲಾಸ್." ಅವನ ಭುಜ ತಟ್ಟಿದರು. "ನೀನು ಅದನ್ನು ಬಿಚ್ಚಲಿಲ್ಲ ತಾನೆ?"

ಪ್ರೇಮನಾಥ ಬಾಗಿಲಲ್ಲಿದ್ದ ಕುಂಞಾಲಿಯನ್ನು ನೋಡಿದ. ಕುಂಞಾಲಿ ಚಾವಣಿ ನೋಡಿದ. ತೀರಿಕೊಂಡ ತಂದೆಯ ಮಾತೆಂದು ನಂಬಿದ್ದು ಅಡುಗೆಯವನ ಎರಡು ಚಮಚ ಎಣ್ಣೆ ಎಂದು ಯಜಮಾನರ ಒದ್ದೆ ಕಣ್ಣಿಗೆ ಹೇಳುವುದು ಹೇಗೆ?

"ಇಲ್ಲ ಸರ್. ಒರೆಸಿದೆ, ಅಷ್ಟೆ."

"ಒಳ್ಳೆಯದು. ನಾಳೆ ತಮ್ಮನನ್ನು ಕರೆತರುತ್ತೇನೆ. ಅವನ ಎದುರೂ ಹಾರಿದರೆ ಸಹಿ ಹಾಕುತ್ತೇವೆ."

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಪ್ರೇಮನಾಥ ಅಡುಗೆಮನೆಯಿಂದ ತೆಂಗಿನೆಣ್ಣೆಯ ಬಾಟಲಿ ತಂದು ಬಂದೂಕಿನ ಕೋಣೆಯ ಮುಂದೆ ನಿಂತ. ಎರಡು ಚಮಚ, ಎರಡು ವರ್ಷ. ಬೀಗಕ್ಕೆ ಕೈಹಾಕಿದ.

ಟಕ್.

ಬೋಲ್ಟ್ ಪೂರ್ತಿ ಮುಚ್ಚಿದ್ದನ್ನು ಅವನೇ ನೋಡಿದ್ದ. ಕರಗಲು ಒಳಗೆ ತೆಂಗಿನೆಣ್ಣೆಯೇ ಇರಲಿಲ್ಲ.

ಅಭ್ಯಾಸಬಲದಿಂದ ಅಲುಗಾಡದೆ ಮೂವತ್ತು ಎಣಿಸಿದ. ಹದಿನೇಳಕ್ಕೆ ಬಾಗಿಲ ಆಚೆ ಯಾರೋ ತನ್ನ ಜೊತೆಗೇ ಎಣಿಸುತ್ತಿರುವಂತೆ ಅನ್ನಿಸಿತು. ಮೂವತ್ತಾದ ಮೇಲೆ ಕಾಲು ಮುಂದೆ ಹೋಗಲಿಲ್ಲ. ಹಿಂದಕ್ಕೆ ಚೆನ್ನಾಗಿಯೇ ಹೋಯಿತು.

ಹಾಸಿಗೆಯ ಮೇಲೆ ಕುಳಿತು ಆ ಎಣ್ಣೆಯನ್ನು ತನ್ನ ನೆತ್ತಿಗೇ ತಟ್ಟಿಕೊಂಡ. ಹಳೆ ಅರ್ಬಾಬ್ ಇನ್ನೂ ಇಲ್ಲೇ ಇದ್ದಾರೆ ಎಂದು ಬೆಳಿಗ್ಗೆ ಸಾಹೇಬರಿಗೆ ಹೇಳಿದರೆ ಮಾರಾಟ ನಿಂತೀತು. ಆದರೆ ಅಷ್ಟು ಹೊತ್ತಿಗೆ ಆ ಬಾಗಿಲಲ್ಲಿ ಏನು ಮಾಡುತ್ತಿದ್ದೆ ಎಂದು ಅವರು ಕೇಳುತ್ತಾರೆ; ಎಣ್ಣೆ ಬಾಟಲಿಯ ವಿಷಯ ಹೊರಬೀಳುತ್ತದೆ.

ಪ್ರೇಮನಾಥ ದೀಪ ಆರಿಸಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿ, ಮುಸುಕೆಳೆದು ಮಲಗಿದ.