ಸುರುಳಿ ಕಾಗದದ ಸ್ವಾಗತ

ನನ್ನ ಕಲೆಗೆ ಓದುಗರಿಲ್ಲ ಎಂಬುದು ನನ್ನ ಬಹುದಿನದ ಕೊರಗು. (ನೋಡುಗರಿದ್ದಾರೆ. ತೊಂದರೆಯೆಲ್ಲ ಅವರದೇ.)

ಸಿಂಗಾನಲ್ಲೂರಿನ ಮಿಲ್ಲಿನಿಂದ ನಿವೃತ್ತನಾದ ಮೇಲೆ ನಾನು ಮನೆಯಲ್ಲಿ ಹೆಂಡತಿ ವಿಜಯಕುಮಾರಿಯ ಹಿಂದೆ ಹಿಂದೆ ಓಡಾಡಿ, ಸಾಂಬಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಸಲಹೆ ಕೊಡುತ್ತಿದ್ದೆ. ಒಂದು ದಿನ ಅವಳು ಸೌಟು ಕೆಳಗಿಟ್ಟು, "ಏನುಂಗ, ಸುಮ್ಮಾ ನಿಂತ್ಕೋಬೇಡಿ. ಹೋಗಿ ಏನಾದ್ರೂ ಕಲೀರಿ," ಎಂದಳು. ಸೌಟನ್ನು ಮತ್ತೆ ಕೈಗೆತ್ತಿಕೊಳ್ಳುವ ಮೊದಲೇ ನಾನು ಹೋಗಿ ಕಲಿತೆ.

ಕಲಿತದ್ದು ಎರಡು ವಿದ್ಯೆ. ಬಣ್ಣದ ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ, ಅಂಟು ಹಚ್ಚಿ, ರಟ್ಟಿನ ಮೇಲೆ ಹೂವು ಬಳ್ಳಿ ಮಾಡುವುದು ಒಂದು. ಕನ್ನಡ ಅಕ್ಷರ ಇನ್ನೊಂದು. ನಮ್ಮದು ತಲೆಮಾರುಗಳಿಂದ ಈ ತಮಿಳು ಸೀಮೆಯಲ್ಲೇ ನೆಲೆಸಿದ ಕನ್ನಡದ ಮನೆ. ಮಾತು ಕನ್ನಡ, ಓದು ತಮಿಳು, ಜಗಳ ಎರಡರಲ್ಲೂ. ಕನ್ನಡ ಅಕ್ಷರ ಬಲ್ಲವರು ಮಾತ್ರ ಒಬ್ಬರೂ ಇರಲಿಲ್ಲ. ಮೊಬೈಲ್ ನೋಡಿ ಕಲಿತ ನಾನು ವಂಶದ ಪ್ರಥಮ ವಿದ್ವಾಂಸನಾದೆ. ಎರಡು ವಿದ್ಯೆಯನ್ನೂ ಕೂಡಿಸಿ, ನೆಂಟರಿಷ್ಟರ ಹೆಸರುಗಳನ್ನು ಕಾಗದದ ಸುರುಳಿಯ ಕನ್ನಡ ಅಕ್ಷರಗಳಲ್ಲಿ ಮೂಡಿಸಿ, ಕಟ್ಟು ಹಾಕಿಸಿ ಉಡುಗೊರೆ ಕೊಡತೊಡಗಿದೆ.

ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ಸೆಲ್ಲಪ್ಪನ್ ಚಿಕ್ಕಪ್ಪ ನನ್ನ ಉಡುಗೊರೆಯನ್ನು ನಡುಮನೆಯಲ್ಲಿ ತಲೆಕೆಳಗಾಗಿ ನೇತುಹಾಕಿದ್ದರು.

"ಸೊಗಸಾಗಿದೆ ಕಣಪ್ಪಾ ಲೋಗನಾಥಾ. ಎರಡು ನವಿಲು ತಾನೆ?"

"ಅದು ನಿಮ್ಮ ಹೆಸರು, ಚಿಕ್ಕಪ್ಪಾ."

"ಪರವಾಯಿಲ್ಲ ಬಿಡು," ಎಂದು ಅವರು ನನ್ನನ್ನು ಸಮಾಧಾನಪಡಿಸಿದರು.

ಇಂಥ ಸಂದರ್ಭದಲ್ಲಿ ವಿಜಯಕುಮಾರಿಯ ಅಣ್ಣ ಕುಮರೇಶನ್ ಮಗಳು ಸರಣ್ಯಾಳಿಗೆ ಮೈಸೂರಿನ ಹುಡುಗ ಗೊತ್ತಾದ. ಹೆಸರು ಧನರಾಜ್. ಅವರ ಮನೆಯಲ್ಲಿ ಎಲ್ಲರಿಗೂ ಕನ್ನಡ ಓದಲು ಬರುತ್ತದಂತೆ! ಹುಡುಗನ ತಾಯಿ ಶಾಲೆಯಲ್ಲಿ ಕನ್ನಡ ಟೀಚರಾಗಿ ನಿವೃತ್ತರಾದವರಂತೆ! ನನ್ನ ಕಣ್ಣಲ್ಲಿ ನೀರು ಬಂತು. ಪೀಳಮೇಡಿನ ಕುಮರೇಶನ್ ಮನೆಯಲ್ಲಿ ನಿಶ್ಚಿತಾರ್ಥ. ಬಾಗಿಲಲ್ಲಿ ನಿಲ್ಲಿಸುವ ಫಲಕ ನನ್ನದೇ ಎಂದು ಘೋಷಿಸಿದೆ.

"ಓದು ಬಲ್ಲವರ ಹತ್ರ ಒಂದು ಸಾರಿ ತೋರಿಸಿಬಿಡಿ," ಎಂದಳು ವಿಜಯಕುಮಾರಿ.

"ಓದು ಬಲ್ಲವನು ನಾನೇ ಇದೀನಲ್ಲ."

"ಅದಕ್ಕೇ ಹೇಳ್ತಿದೀನಿ."

ನಾನು ತೋರಿಸಲಿಲ್ಲ. ಊಟದ ಮೇಜು ಪೂರ್ತಿ ಕಾಗದದ ವಶವಾಯಿತು. ನಾವು ನೆಲದ ಮೇಲೆ ಕೂತು ಉಂಡೆವು. ಅವಳ ಮೊಸರನ್ನದಲ್ಲಿ ಒಂದು ಕಾಗದದ ದೀರ್ಘ ಸಿಕ್ಕಿತು. ಅಂತೂ ಫಲಕ ಸಿದ್ಧವಾಯಿತು. ಸುತ್ತ ಮಲ್ಲಿಗೆ ಬಳ್ಳಿ, ಮೇಲೆ ಕಿತ್ತಳೆ ಬಣ್ಣದಲ್ಲಿ 'ಬೀಗರಿಗೆ ಸುಸ್ವಾಗತ', ಕೆಳಗೆ ಹುಡುಗಿಯ ಹೆಸರು, ಹುಡುಗನ ಹೆಸರು. ಹಾಗೆಂದು ನಾನು ತಿಳಿದಿದ್ದೆ.

ನಿಶ್ಚಿತಾರ್ಥದ ದಿನ ಮೈಸೂರಿನವರು ವ್ಯಾನಿನಿಂದ ಇಳಿದರು. ನಾನು ಫಲಕದ ಪಕ್ಕದಲ್ಲಿ ಇಸ್ತ್ರಿ ಮಾಡಿದ ಪಂಚೆಯುಟ್ಟು ನಿಂತಿದ್ದೆ. ಹುಡುಗನ ತಾಯಿ ಕನ್ನಡಕ ಹಾಕಿಕೊಂಡರು. ನನ್ನ ಬಾಳಿನಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಕಲೆಯನ್ನು ಓದುತ್ತಿದ್ದರು.

"ಬೀಗರಿಗೆ... ಸುಸ್ತಾಗತ," ಎಂದು ಅವರು ಗಟ್ಟಿಯಾಗಿ ಓದಿದರು.

ನಾನು ತಿರುಗಿ ನೋಡಿದೆ. 'ಸ್ವಾ' ಅಕ್ಷರದ ವ ಒತ್ತಿನ ಸುರುಳಿ ಸೆಕೆಗೆ ಬಿಚ್ಚಿಕೊಂಡು, ತ ಒತ್ತಾಗಿ ಬಾಲ ಬಿಟ್ಟುಕೊಂಡು ಕೂತಿತ್ತು.

ಕನ್ನಡ ಓದಲು ಬಾರದ ಕುಮರೇಶನ್ ಮಾತ್ರ ಕೈಮುಗಿದು, "ಆಮಾ, ಹೌದು ಹೌದು! ಎಲ್ಲರಿಗೂ ಸುಸ್ತಾಗತ! ಒಳಗೆ ಬನ್ನಿ!" ಎಂದು ಉಪಚರಿಸಿದ.

ಹುಡುಗನ ತಂದೆ ಸೊಂಟ ಹಿಡಿದುಕೊಂಡು ವ್ಯಾನಿಗೆ ಒರಗಿ ನಿಂತಿದ್ದರು. "ಆಗದೆ ಏನು ಸ್ವಾಮಿ! ದಿಂಬಂ ಘಾಟಿನ ತಿರುವಿನಲ್ಲಿ ನನ್ನ ಜೀವ ಅರ್ಧ ಅಲ್ಲೇ ಉಳೀತು. ನಮ್ಮ ಕಷ್ಟ ಬಲ್ಲವರು ಯಾರೋ ಬರೆದಿದ್ದಾರೆ. ಮೊದಲು ಕಾಫಿ ಕೊಡಿ," ಎಂದರು. ಎಲ್ಲರೂ ನಕ್ಕರು. ನಾನೂ, ಬೇಕೆಂದೇ ಬರೆದವನ ಹಾಗೆ, ಗಂಭೀರವಾಗಿ ತಲೆಯಾಡಿಸಿದೆ.

ತಾಯಿ ನಗಲಿಲ್ಲ. ಅವರು ಕೆಳಗಿನ ಸಾಲಿಗೆ ಹೋಗಿದ್ದರು.

"ಈ ದನರಾಜ್ ಯಾರು?"

"ನಮ್ಮ ಅಳಿಯ ಮಾಪಿಳ್ಳೈ ತಾನಮ್ಮಾ, ದನರಾಜ್!" ಎಂದ ಕುಮರೇಶನ್.

"ನನ್ನ ಮಗ ಧನರಾಜ್. ಧ! ಹೊಟ್ಟೆ ಸೀಳಬೇಕು."

ಕುಮರೇಶನ್ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಿವಿಯಲ್ಲಿ, "ಭಾವಾ, ಯಾರ ಹೊಟ್ಟೆ ಸೀಳ್ತಾರಂತೆ?" ಎಂದ.

"ಅಕ್ಷರದ್ದು," ಎಂದೆ. ನನಗೂ ಖಾತ್ರಿ ಇರಲಿಲ್ಲ.

ಆಕೆಯ ಮುಖ ಕೆಂಪಾಗಿತ್ತು. "ಬಾಗಿಲಲ್ಲೇ ನನ್ನ ಮಗನನ್ನು ದನ ಮಾಡಿದ್ದೀರಲ್ಲ!" ಎಂದರು. ಒಳಗಿನಿಂದ ಇಣುಕುತ್ತಿದ್ದ ಸರಣ್ಯಾ ಬೆರಳು ಕಚ್ಚಿಕೊಂಡಳು. ತಟ್ಟೆ ಹಿಡಿದು ನಿಂತಿದ್ದ ವಿಜಯಕುಮಾರಿ ನನ್ನನ್ನು ನೋಡಿದ ನೋಟಕ್ಕೆ ಆರತಿಯ ಕರ್ಪೂರ ತಾನಾಗಿ ಹತ್ತಿಕೊಳ್ಳಬೇಕಿತ್ತು. ಒಂದು ಸಂಬಂಧ ನಾನು ಬಿಟ್ಟ ಒಂದು ಸೀಳಿನಿಂದ ಮುರಿಯುವುದರಲ್ಲಿತ್ತು.

ಆಗ ಹುಡುಗ ಬಾಯಿಬಿಟ್ಟ. "ಅಮ್ಮಾ, ಮನೇಲಿ ಬೆಳಗ್ಗೆ ಎದ್ದರೆ ನೀನು ನನ್ನ ಕರೆಯೋದೇ ದನ ಅಂತ. ಇವರು ಅದಕ್ಕೆ ರಾಜ ಬೇರೆ ಸೇರಿಸಿ ಮರ್ಯಾದೆ ಕೊಟ್ಟಿದ್ದಾರೆ."

ಸರಣ್ಯಾ ಪಕ್ಕನೆ ನಕ್ಕಳು. ಹುಡುಗ ಅವಳತ್ತ ನೋಡಿದ. ಮದುವೆ ನಿಶ್ಚಯವಾದದ್ದು ಆಗಲೇ. ಉಂಗುರ ತೊಡಿಸಿದ್ದು ಬರೀ ಶಾಸ್ತ್ರಕ್ಕೆ. ತಾಯಿಯೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಕ್ಕವರು ನನ್ನನ್ನು ಬಿಡಲಿಲ್ಲ. ಹೋಳಿಗೆಯ ಮೇಲೆ ತುಪ್ಪ ಆರುತ್ತಿರುವಾಗಲೇ, ತಾಂಬೂಲದ ಚೀಲದ ಹಿಂಭಾಗದಲ್ಲಿ ನನ್ನಿಂದ ದ, ಧ ಬರೆಸಿದರು. ತಿದ್ದಿದರು. ಮತ್ತೆ ಬರೆಸಿದರು.

ಅಂದಿನಿಂದ ಸಂಜೆಯಾದರೆ ಮೈಸೂರಿನಿಂದ ವಿಡಿಯೋ ಕರೆ ಬರುತ್ತದೆ. ಬೀಗಿತ್ತಿ ಉಕ್ತಲೇಖನ ಹೇಳುತ್ತಾರೆ, ನಾನು ಬರೆಯುತ್ತೇನೆ. ನನ್ನ ಅವಸ್ಥೆ ನೋಡಿ ಆನಂದಿಸಲು ಪಕ್ಕದಲ್ಲಿ ಕೂರುತ್ತಿದ್ದ ವಿಜಯಕುಮಾರಿ ಕ್ರಮೇಣ ತಾನೂ ಪೆನ್ನು ಹಿಡಿದಳು. "ಲೋಗನಾಥನ್ ಅವರೇ, ನಿಮ್ಮ ಮನೆಯವರನ್ನು ನೋಡಿ ಕಲೀರಿ," ಎಂಬ ಮಾತು ಈಗ ನನಗೆ ಅಭ್ಯಾಸವಾಗಿದೆ.

ಮೊನ್ನೆ ನಮ್ಮ ಮದುವೆಯ ವಾರ್ಷಿಕೋತ್ಸವ. ಅವಳು ನಾಚುತ್ತ ನನ್ನ ಕೈಗೊಂದು ಉಡುಗೊರೆ ಕೊಟ್ಟಳು. ಬಣ್ಣದ ಹೊದಿಕೆ ಬಿಚ್ಚಿದೆ. ಅವಳೇ ಕೈಯಾರೆ ಮಾಡಿದ ಕಾಗದದ ಸುರುಳಿಯ ಫಲಕ. ಸುತ್ತ ಗುಲಾಬಿ ಹೂ, ಮೂಲೆಯಲ್ಲಿ ಜೋಡಿ ಗಿಳಿ, ನಡುವೆ ಮುತ್ತಿನಂಥ ಕನ್ನಡ ಅಕ್ಷರ:

'ರಾತ್ರಿಯ ಪಾತ್ರೆ ನೀವೇ ತೊಳೆಯಿರಿ.'

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಒಂದೂ ತಪ್ಪಿರಲಿಲ್ಲ. ಅದನ್ನು ಅಡುಗೆಮನೆಯ ನಲ್ಲಿಯ ಮೇಲೆ ನನ್ನ ಕೈಯಿಂದಲೇ ಮೊಳೆ ಹೊಡೆಸಿ ತೂಗುಹಾಕಿಸಿದಳು. ನೀರು ಸಿಡಿಯಬಾರದೆಂದು ಗಾಜು ಹಾಕಿಸಿದ್ದಾಳೆ.